ಲೆಕ್ಕ ಗೊತ್ತಿದ್ದವರು: ಐರ್ಲೆಂಡಿನ ಆರ್ಚ್‌ಡೀಕನ್‌ಗಳ ಕಥೆ

ಆರ್ಚ್‌ಡೀಕನ್ ಅಂದರೆ ಯಾರು ಅನ್ನುವುದರಿಂದಲೇ ಶುರು ಮಾಡೋಣ. ಆಂಗ್ಲಿಕನ್ ಚರ್ಚಿನಲ್ಲಿ, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯಲ್ಲಿ, ಒಂದು ಡಯಾಸಿಸ್‌ಗೆ, ಅಂದರೆ ಚರ್ಚಿನ ಒಂದು ಪ್ರಾಂತ್ಯಕ್ಕೆ, ಒಬ್ಬ ಬಿಷಪ್ ಇರುತ್ತಾರೆ. ಬಿಷಪ್ ಪೀಠವಿರುವ ಮುಖ್ಯ ಚರ್ಚು ಕೆಥೀಡ್ರಲ್; ಅದರ ಒಳಗಿನ ವ್ಯವಹಾರ ನೋಡಿಕೊಳ್ಳುವವರು ಡೀನ್. ಊರೂರು ತಿರುಗುವ ಕೆಲಸ ಆರ್ಚ್‌ಡೀಕನ್‌ರದ್ದು. ಚರ್ಚಿನ ಮಾಡು ಸೋರುತ್ತಿದೆಯೇ, ಪಾದ್ರಿ ಊರಲ್ಲೇ ಇದ್ದಾರೆಯೇ, ಹಣದ ಲೆಕ್ಕ ಸರಿಯಿದೆಯೇ, ಪಾದ್ರಿಯಾಗಬೇಕೆಂದು ಬಂದ ಹುಡುಗ ನಿಜಕ್ಕೂ ಓದಿಕೊಂಡಿದ್ದಾನೆಯೇ ಎಂದು ನೋಡಿ ಬಿಷಪ್‌ಗೆ ಹೇಳಬೇಕು. ಮಧ್ಯಯುಗದ ಚರ್ಚ್ ಕಾನೂನಿನವರು ಈ ಹುದ್ದೆಯನ್ನು ‘ಬಿಷಪ್‌ನ ಕಣ್ಣು’ ಎಂದು ಕರೆದರು.

ಹಳೇ ಮೈಸೂರಿನ ಅಮಲ್ದಾರರನ್ನು ನೆನಪಿಸಿಕೊಳ್ಳಿ. ತಾಲ್ಲೂಕಿನ ಕಂದಾಯ ಎಷ್ಟು, ಕಟ್ಟದವರು ಯಾರು, ಯಾಕೆ ಕಟ್ಟಲಿಲ್ಲ ಅನ್ನುವುದು ದಿವಾನರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತಿತ್ತು. ಆರ್ಚ್‌ಡೀಕನ್ ಕೂಡ ಹಾಗೆಯೇ. ಅದಕ್ಕೇ ನನಗೆ ಈ ಹುದ್ದೆಯ ಮೇಲೆ ಇಷ್ಟು ಆಸಕ್ತಿ. ಬಿಷಪ್‌ಗಳ ಚರಿತ್ರೆ ಓದಿದರೆ ರಾಜಕೀಯ ತಿಳಿಯುತ್ತದೆ. ಚರ್ಚಿನ ಹಣ ಯಾರ ಹೊಲದಿಂದ ಬರುತ್ತಿತ್ತು ಅನ್ನುವುದು ತಿಳಿಯಬೇಕಾದರೆ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು. ಐರ್ಲೆಂಡಿನಲ್ಲಂತೂ ಆ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಐರ್ಲೆಂಡಿಗೆ ಈ ಹುದ್ದೆ ತಡವಾಗಿ ಬಂತು. ಅಲ್ಲಿನ ಹಳೇ ಕ್ರೈಸ್ತ ಧರ್ಮ ಮಠಗಳ ಸುತ್ತ ಬೆಳೆದದ್ದು. ಮಠದ ಮುಖ್ಯಸ್ಥರಿಗೆ ಇದ್ದ ವರ್ಚಸ್ಸು ಬಿಷಪ್‌ಗಳಿಗೆ ಇರಲಿಲ್ಲ. ಚರ್ಚಿನ ಜಮೀನು ಎಷ್ಟೋ ಕಡೆ ತಲೆಮಾರಿನಿಂದ ತಲೆಮಾರಿಗೆ ಒಂದೇ ಮನೆತನದ ಕೈಯಲ್ಲಿ ಇರುತ್ತಿತ್ತು. 1111ರಲ್ಲಿ ರಾಥ್ ಬ್ರೆಸಲ್‌ನಲ್ಲಿ, 1152ರಲ್ಲಿ ಕೆಲ್ಸ್‌ನಲ್ಲಿ ಚರ್ಚಿನ ದೊಡ್ಡ ಸಭೆಗಳು ನಡೆದವು. ಆಗಲೇ ಇಡೀ ದೇಶಕ್ಕೆ ಗಡಿ ಹಾಕಿ ಡಯಾಸಿಸ್‌ಗಳನ್ನು ಮಾಡಿದ್ದು. ಕೆಲ್ಸ್ ಸಭೆಯ ನಂತರ ಆರ್ಮಾ, ಡಬ್ಲಿನ್, ಕ್ಯಾಶೆಲ್, ಟೂಅಮ್ ಎಂದು ನಾಲ್ಕು ಆರ್ಚ್‌ಬಿಷಪ್ ಪೀಠಗಳಾದವು, ಅಂದರೆ ಬೇರೆ ಬಿಷಪ್‌ಗಳ ಮೇಲಿನ ಪೀಠಗಳು. ಮುಂದೆ ಇಂಗ್ಲೆಂಡಿನಿಂದ ನಾರ್ಮನ್ನರು ಬಂದರು. ಅವರ ಜೊತೆ ಅವರ ದೇಶದ ಚರ್ಚಿನ ಪದ್ಧತಿಯೂ ಬಂತು. ಆರ್ಚ್‌ಡೀಕನ್ ಹುದ್ದೆ ಗಟ್ಟಿಯಾಗಿ ನೆಲೆಯೂರಿದ್ದು ಆಗ.

ಇಲ್ಲಿ ಒಂದು ಜಾಗದ ಬಗ್ಗೆ ಸ್ವಲ್ಪ ಹೇಳಲೇಬೇಕು. ಡಬ್ಲಿನ್‌ನ ದಕ್ಷಿಣಕ್ಕೆ ವಿಕ್ಲೋ ಬೆಟ್ಟಗಳಲ್ಲಿ ಗ್ಲೆಂಡಲಾಕ್ ಅಂತ ಒಂದು ಕಣಿವೆ ಇದೆ. ಎರಡು ಕೆರೆ, ಎತ್ತರದ ಒಂದು ದುಂಡು ಗೋಪುರ, ಮುರಿದ ಚರ್ಚುಗಳು. 6ನೇ ಶತಮಾನದಲ್ಲಿ ಸಂತ ಕೆವಿನ್ ಕಟ್ಟಿದ ಮಠ ಅದು. 12ನೇ ಶತಮಾನದಲ್ಲಿ ಅದೂ ಒಂದು ಡಯಾಸಿಸ್ ಆಯಿತು. ಆದರೆ 13ನೇ ಶತಮಾನದ ಮೊದಲಲ್ಲೇ ಅದನ್ನು ಡಬ್ಲಿನ್‌ಗೆ ಸೇರಿಸಿಬಿಟ್ಟರು. ಬಿಷಪ್ ಪೀಠ ಹೋಯಿತು. ಆರ್ಚ್‌ಡೀಕನ್ ಮಾತ್ರ ಉಳಿದರು. ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ಸ್ ಕೆಥೀಡ್ರಲ್‌ನ ಚಾಪ್ಟರ್‌ನಲ್ಲಿ, ಅಂದರೆ ಹಿರಿಯ ಪಾದ್ರಿಗಳ ಮಂಡಲಿಯಲ್ಲಿ, ಡಬ್ಲಿನ್‌ನ ಆರ್ಚ್‌ಡೀಕನ್ ಜೊತೆಗೆ ಗ್ಲೆಂಡಲಾಕ್‌ನ ಆರ್ಚ್‌ಡೀಕನ್‌ಗೂ ಜಾಗ ಸಿಕ್ಕಿತು. ಎಂಟುನೂರು ವರ್ಷ ಕಳೆದಿದೆ. ಐರ್ಲೆಂಡಿನ ಆಂಗ್ಲಿಕನ್ ಚರ್ಚಾದ ಚರ್ಚ್ ಆಫ್ ಐರ್ಲೆಂಡ್‌ನಲ್ಲಿ ಇವತ್ತಿಗೂ ಆ ಎರಡು ಹುದ್ದೆಗಳು ಬೇರೆ ಬೇರೆಯಾಗೇ ಇವೆ.

ಮೀತ್ ಡಯಾಸಿಸ್‌ನ ಪದ್ಧತಿ ಇನ್ನೂ ವಿಶೇಷ. ಬೇರೆ ಕಡೆ ಇದ್ದ ಹಾಗೆ ಅಲ್ಲಿ ಡೀನ್ ಮತ್ತು ಚಾಪ್ಟರ್ ಇರಲಿಲ್ಲ. ಪಾದ್ರಿಗಳ ಒಂದು ಸಭೆ ಡಯಾಸಿಸ್‌ನ ವ್ಯವಹಾರ ನಡೆಸುತ್ತಿತ್ತು. ಆ ಸಭೆಯ ತಲೆಯಲ್ಲಿ ಕೂರುತ್ತಿದ್ದವರು ಮೀತ್‌ನ ಆರ್ಚ್‌ಡೀಕನ್. ಈ ಮೀತ್ ಅನ್ನುವ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

16ನೇ ಶತಮಾನದಲ್ಲಿ ಎಂಟನೇ ಹೆನ್ರಿ ರೋಮ್‌ನ ಸಂಬಂಧ ಕಡಿದುಕೊಂಡರು. 1536ರಲ್ಲಿ ಐರಿಷ್ ಪಾರ್ಲಿಮೆಂಟು, ಚರ್ಚಿಗೆ ರಾಜನೇ ಮುಖ್ಯಸ್ಥ ಎಂದು ಒಪ್ಪಿತು. 1560ರಲ್ಲಿ ಎಲಿಜಬೆತ್ ಕಾಲದಲ್ಲಿ ಮತ್ತೆ ಅದೇ ಆಯಿತು. ಕಟ್ಟಡಗಳು, ಜಮೀನು, ದಶಮಾಂಶ ಅನ್ನುವ ಬೆಳೆಯ ಪಾಲು, ಹುದ್ದೆಗಳು, ಎಲ್ಲವೂ ಹೊಸ ಪ್ರಾಟೆಸ್ಟೆಂಟ್ ಚರ್ಚಿಗೆ ಹೋದವು. ಜನ ಹೋಗಲಿಲ್ಲ. ಬಹುಪಾಲು ಐರಿಷ್ ಜನ ಕ್ಯಾಥೊಲಿಕರಾಗೇ ಉಳಿದರು. ಕ್ಯಾಥೊಲಿಕ್ ಚರ್ಚೂ ತನ್ನ ಬಿಷಪ್‌ಗಳನ್ನು, ತನ್ನ ಆರ್ಚ್‌ಡೀಕನ್‌ಗಳನ್ನು ನೇಮಿಸುತ್ತಾ ಬಂತು. ಒಂದೇ ಊರಿಗೆ, ಒಂದೇ ಹೆಸರಿನ ಎರಡು ವ್ಯವಸ್ಥೆ. ಒಂದರ ಕೈಯಲ್ಲಿ ಆಸ್ತಿ, ಇನ್ನೊಂದರ ಜೊತೆ ಜನ. ಮುಂದಿನ ಮುನ್ನೂರು ವರ್ಷದ ಎಲ್ಲ ಸಂಕಟವೂ ಇಲ್ಲಿಂದಲೇ ಹುಟ್ಟಿದ್ದು.

ಆದರೂ ಆ ಕಾಲದಲ್ಲಿ ಒಂದು ದೊಡ್ಡ ಕೆಲಸ ಆಯಿತು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಹೆಸರು ನೀವು ಕೇಳಿರುತ್ತೀರಿ. ಐರ್ಲೆಂಡಿಗೆ ಒಂದು ವಿಶ್ವವಿದ್ಯಾಲಯ ಬೇಕು ಅನ್ನುವ ಮಾತು ಬಹಳ ಕಾಲದಿಂದ ಇತ್ತು. ದುಡ್ಡು ಎಲ್ಲಿಂದ ತರುವುದು ಅನ್ನುವಲ್ಲಿ ಎಲ್ಲವೂ ನಿಂತುಹೋಗುತ್ತಿತ್ತು. 1580ರ ದಶಕದಲ್ಲಿ ರಾಣಿಯ ಪ್ರತಿನಿಧಿ ಜಾನ್ ಪೆರೊ ಒಂದು ಯೋಜನೆ ತಂದರು. ಸೇಂಟ್ ಪ್ಯಾಟ್ರಿಕ್ಸ್ ಕೆಥೀಡ್ರಲ್‌ನ ಆದಾಯವನ್ನೇ ವಿಶ್ವವಿದ್ಯಾಲಯಕ್ಕೆ ತಿರುಗಿಸೋಣ ಎಂದರು. ಆರ್ಚ್‌ಬಿಷಪ್ ಆಡಮ್ ಲಾಫ್ಟಸ್ ಸುತರಾಂ ಒಪ್ಪಲಿಲ್ಲ. ಇಬ್ಬರಿಗೂ ದೊಡ್ಡ ಜಗಳವೇ ಆಯಿತು. ಕೊನೆಗೆ ಡಬ್ಲಿನ್ ನಗರದವರು ಆಲ್ ಹ್ಯಾಲೋಸ್ ಅನ್ನುವ ಹಳೇ ಮಠದ ಜಾಗ ಕೊಟ್ಟರು. ರಾಣಿಯ ಒಪ್ಪಿಗೆ ಕೇಳಲು ಲಂಡನ್ನಿಗೆ ಹೋದವರು ಡಬ್ಲಿನ್‌ನ ಆರ್ಚ್‌ಡೀಕನ್ ಹೆನ್ರಿ ಅಶರ್. 1592ರಲ್ಲಿ ಸನ್ನದು ಬಂತು. ಕಾಲೇಜಿನ ಮೊದಲ ಮೂವರು ಫೆಲೋಗಳಲ್ಲಿ, ಅಂದರೆ ಹಿರಿಯ ವಿದ್ವಾಂಸ ಸದಸ್ಯರಲ್ಲಿ, ಅವರೂ ಒಬ್ಬರು. ಮುಂದೆ ಆರ್ಮಾದ ಆರ್ಚ್‌ಬಿಷಪ್ ಆದರು. ಕ್ರಿಸ್ತಪೂರ್ವ 4004ರಲ್ಲಿ ಜಗತ್ತು ಸೃಷ್ಟಿಯಾಯಿತು ಎಂದು ಲೆಕ್ಕ ಹಾಕಿದ ಜೇಮ್ಸ್ ಅಶರ್ ಇವರ ಅಣ್ಣತಮ್ಮಂದಿರ ಮನೆಯ ಹುಡುಗ.

ಹೆನ್ರಿ ಅಶರ್ ಅಂಥವರು ಕಡಿಮೆ. ಬಿಷಪ್‌ನ ಕಣ್ಣೇ ಕುರುಡಾದರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರದ ಡೌನ್ ಮತ್ತು ಕಾನರ್ ಡಯಾಸಿಸ್ ನೋಡಬೇಕು. 17ನೇ ಶತಮಾನದ ಕೊನೆ. ಅಲ್ಲಿನ ಬಿಷಪ್ ಥಾಮಸ್ ಹ್ಯಾಕೆಟ್ ಐರ್ಲೆಂಡಿನಲ್ಲಿ ಇರುತ್ತಲೇ ಇರಲಿಲ್ಲ. ಲಂಡನ್ ಹತ್ತಿರದ ಹ್ಯಾಮರ್‌ಸ್ಮಿತ್‌ನಲ್ಲಿ ಮನೆ ಮಾಡಿಕೊಂಡಿದ್ದರು. ಜನ ಅವರನ್ನು ‘ಹ್ಯಾಮರ್‌ಸ್ಮಿತ್ ಬಿಷಪ್’ ಎಂದೇ ಕರೆಯುತ್ತಿದ್ದರು. ಬಿಷಪ್ ಇಲ್ಲದಾಗ ಡಯಾಸಿಸ್ ಕಾಯಬೇಕಾದವರು ಆರ್ಚ್‌ಡೀಕನ್ ಅಲ್ವಾ? ಡೌನ್‌ನ ಆರ್ಚ್‌ಡೀಕನ್ ಲೆಮ್ಯುಯೆಲ್ ಮ್ಯಾಥ್ಯೂಸ್ ತಾವೇ ಹಲವು ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಗಳ, ಆದಾಯ ಹಿಡಿದುಕೊಂಡು, ಅಲ್ಲಿ ಪೂಜೆಗೆ ಗತಿಯಿಲ್ಲದಂತೆ ಬಿಟ್ಟಿದ್ದರು. 1694ರಲ್ಲಿ ರಾಜಾಜ್ಞೆಯ ಮೇಲೆ ಲಿಸ್‌ಬರ್ನ್‌ನಲ್ಲಿ ವಿಚಾರಣೆ ನಡೆಯಿತು. ವಿಚಾರಣೆ ಮಾಡಿದವರಲ್ಲಿ ಆಗ ಡೆರಿಯ ಬಿಷಪ್ ಆಗಿದ್ದ ವಿಲಿಯಂ ಕಿಂಗ್ ಒಬ್ಬರು. ಹ್ಯಾಕೆಟ್ ಚರ್ಚಿನ ಹುದ್ದೆಗಳನ್ನು ದುಡ್ಡಿಗೆ ಮಾರಿದ್ದಾರೆ ಎಂದು ತೀರ್ಮಾನವಾಯಿತು. ಅವರು ಪೀಠ ಕಳೆದುಕೊಂಡರು. ಕಾನರ್‌ನ ಡೀನ್ ಹೋದರು. ಮ್ಯಾಥ್ಯೂಸ್ ಕೂಡ ಹೋದರು. ಮ್ಯಾಥ್ಯೂಸ್ ಸುಮ್ಮನೆ ಕೂರಲಿಲ್ಲ. ಹುದ್ದೆ ವಾಪಸು ಬೇಕೆಂದು ಅರ್ಜಿ, ಮೇಲ್ಮನವಿ ಎಂದು ವರ್ಷಗಟ್ಟಲೆ ಗುದ್ದಾಡಿದರು.

ಇದು ಒಬ್ಬ ಕೆಟ್ಟ ಮನುಷ್ಯನ ಕಥೆ ಅಂದುಕೊಂಡು ಮುಂದೆ ಹೋಗಬಾರದು. ವ್ಯವಸ್ಥೆಯೇ ಹಾಗಿತ್ತು. ಆರ್ಚ್‌ಡೀಕನ್ ಹುದ್ದೆಗೆ ಸಂಬಳ ಅಂತ ಇರಲಿಲ್ಲ. ಹುದ್ದೆಯ ಜೊತೆ ಕೆಲವು ಪ್ಯಾರಿಷ್‌ಗಳು ಅಂಟಿಕೊಂಡಿರುತ್ತಿದ್ದವು. ಅವುಗಳ ದಶಮಾಂಶವೇ ವರಮಾನ. ಡಬ್ಲಿನ್‌ನ ಆರ್ಚ್‌ಡೀಕನ್‌ಗೆ ನಗರದ ಸೇಂಟ್ ಪೀಟರ್ಸ್, ಅದರ ಆಚೆಯ ಡಾನಿಬ್ರೂಕ್, ಟೇನಿ ಇತ್ಯಾದಿ ಪ್ಯಾರಿಷ್‌ಗಳು ಸೇರಿದ್ದವು. ಪೂಜೆ, ಮದುವೆ, ಮಣ್ಣು ಮಾಡುವುದು, ಎಲ್ಲಕ್ಕೂ ಕಡಿಮೆ ಸಂಬಳದ ಕಿರಿಯ ಪಾದ್ರಿಗಳು. ಇವತ್ತು ಡಬ್ಲಿನ್‌ನ ದಕ್ಷಿಣ ಭಾಗದಲ್ಲಿ ಓಡಾಡಿದರೆ ಹಳೇ ಆರ್ಚ್‌ಡೀಕನ್‌ಗಳ ಜಹಗೀರಿನಲ್ಲೇ ಓಡಾಡಿದ ಹಾಗೆ. 18ನೇ ಶತಮಾನದ ನಡುವೆ ಆ ಹುದ್ದೆಯಲ್ಲಿದ್ದ ರಿಚರ್ಡ್ ಪೊಕಾಕ್ ಈಜಿಪ್ಟ್, ಸಿರಿಯಾ ಎಲ್ಲ ಸುತ್ತಿ ಬಂದ ದೊಡ್ಡ ಪ್ರವಾಸಿ. ಅವರ ಬರಹದ ಬಗ್ಗೆ ನನಗೆ ಗೌರವವಿದೆ. ಆದರೆ ಅಂಥ ವಿದ್ವಾಂಸರ ನೆಮ್ಮದಿಯ ಬದುಕಿಗೆ ದುಡ್ಡು ಬರುತ್ತಿದ್ದದ್ದು ಈ ಪ್ಯಾರಿಷ್‌ಗಳಿಂದ.

ದಶಮಾಂಶ ಅಂದರೆ ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು. ಕ್ಯಾಥೊಲಿಕ್ ರೈತ ತನ್ನ ಪಾದ್ರಿಯನ್ನೂ ಸಾಕಬೇಕು, ತಾನು ಎಂದೂ ಕಾಲಿಡದ ಚರ್ಚಿನ ಪಾದ್ರಿಗೂ ಕೊಡಬೇಕು. ಅದಕ್ಕಿಂತ ಕ್ರೂರವಾದ ಇನ್ನೊಂದು ಸಂಗತಿ ಇದೆ. 1730ರ ದಶಕದಲ್ಲಿ ಜಮೀನ್ದಾರರೇ ತುಂಬಿದ್ದ ಐರಿಷ್ ಪಾರ್ಲಿಮೆಂಟು, ಹುಲ್ಲುಗಾವಲಿನ ಮೇಲೆ ದಶಮಾಂಶ ಕೇಳಬಾರದು ಎಂದು ತೀರ್ಮಾನ ಮಾಡಿತು. ನೂರಾರು ದನ ಮೇಯಿಸುವ ದೊಡ್ಡ ಕುಳ ಪಾರಾದ. ಮನೆ ಹಿಂದೆ ಒಂದು ತುಂಡು ಜಾಗದಲ್ಲಿ ಆಲೂಗಡ್ಡೆ ಹಾಕಿದವನ ತಲೆಮೇಲೆ ಭಾರ ಬಿತ್ತು. 1823ರಲ್ಲಿ ಕಾನೂನು ಬದಲಾಗಿ ದಶಮಾಂಶವನ್ನು ಧಾನ್ಯದ ಬದಲು ಹಣದಲ್ಲಿ ಕೊಡಬಹುದು ಎಂದಾಯಿತು. ಹುಲ್ಲುಗಾವಲೂ ಲೆಕ್ಕಕ್ಕೆ ಬಂತು. ಆಗ ದೊಡ್ಡ ರೈತರಿಗೂ ಬಿಸಿ ತಟ್ಟಿತು. 1830ರ ಹೊತ್ತಿಗೆ ಬಡವ, ಬಲ್ಲಿದ ಇಬ್ಬರೂ ಸೇರಿ ಕೊಡುವುದಿಲ್ಲ ಎಂದು ನಿಂತರು. ಚರಿತ್ರೆಯಲ್ಲಿ ಇದನ್ನು ದಶಮಾಂಶ ಯುದ್ಧ ಎಂದು ಕರೆಯುತ್ತಾರೆ.

1834ರ ಸರ್ಕಾರಿ ಗಣತಿಯ ಅಂಕಿ ನೋಡಿ. ಐರ್ಲೆಂಡಿನ ಒಟ್ಟು ಜನ ಸುಮಾರು 79 ಲಕ್ಷ. ಅದರಲ್ಲಿ 64 ಲಕ್ಷ ಕ್ಯಾಥೊಲಿಕರು. ಸರ್ಕಾರಿ ಚರ್ಚಿಗೆ, ಅಂದರೆ ಚರ್ಚ್ ಆಫ್ ಐರ್ಲೆಂಡ್‌ಗೆ, ಸೇರಿದವರು ಎಂಟೂವರೆ ಲಕ್ಷ.

ಅದೇ ವರ್ಷ ಡಿಸೆಂಬರ್ 18. ಕಾರ್ಕ್ ಜಿಲ್ಲೆಯ ರಾಥ್‌ಕಾರ್ಮಕ್ ಹತ್ತಿರದ ಗಾರ್ಟ್‌ರೋ. ವಿಧವೆ ಜೊಹಾನಾ ರಯನ್ ಅವರಿಂದ 40 ಶಿಲಿಂಗ್ ದಶಮಾಂಶ ಬಾಕಿ ಇತ್ತು. 40 ಶಿಲಿಂಗ್ ಅಂದರೆ ಎರಡು ಪೌಂಡ್. ಆ ಹಣ ಸಲ್ಲಬೇಕಾದದ್ದು ಆರ್ಚ್‌ಡೀಕನ್ ವಿಲಿಯಂ ರೈಡರ್ ಅವರಿಗೆ. ರೈಡರ್ ಪಾದ್ರಿಯೂ ಹೌದು, ಸರ್ಕಾರದ ಮ್ಯಾಜಿಸ್ಟ್ರೇಟೂ ಹೌದು. ಬಾಕಿ ಕೇಳುವವರೂ ಅವರೇ, ಕಾನೂನಿನ ಅಧಿಕಾರವೂ ಅವರ ಕೈಯಲ್ಲೇ. ಸೈನಿಕರನ್ನೂ ಪೊಲೀಸರನ್ನೂ ಕರೆದುಕೊಂಡು ಆಕೆಯ ಮನೆಗೆ ಹೋದರು. ಊರಿನವರು ಅಂಗಳಕ್ಕೆ ಅಡ್ಡಗಟ್ಟಿ ನಿಂತಿದ್ದರು. ಕೈಯಲ್ಲಿ ದೊಣ್ಣೆ, ಕಲ್ಲು, ಹೊಲದ ಸಾಮಾನು. ನುಗ್ಗಾಟ ಆಯಿತು. ಸೈನಿಕರು ಗುಂಡು ಹಾರಿಸಿದರು. ಸತ್ತವರು 12 ಜನ ಎಂದು ಕೆಲವು ವರದಿ, 20ರವರೆಗೆ ಎಂದು ಕೆಲವು.

ಎರಡು ಪೌಂಡ್‌ಗೆ. ನಾನು ಈ ಘಟನೆಯ ಬಗ್ಗೆ ಓದಿದಾಗಲೆಲ್ಲ ಅಲ್ಲೇ ನಿಂತುಬಿಡುತ್ತೇನೆ. ರೈಡರ್ ಕಾನೂನು ಮೀರಲಿಲ್ಲ ಅನ್ನಬಹುದು. ಕಾನೂನು ಅವರ ಪರವಾಗೇ ಇತ್ತು. ಅದೇ ಸಮಸ್ಯೆ. ಊರಿನ ಕಷ್ಟ ನೋಡಿ ಮೇಲಿನವರಿಗೆ ಹೇಳಬೇಕಾದ ಹುದ್ದೆ ಅದು. ಅದೇ ಹುದ್ದೆಯವರು ಬಂದೂಕಿನ ಹಿಂದೆ ನಿಂತರು. ನಾಲ್ಕು ವರ್ಷದ ಮೇಲೆ, 1838ರಲ್ಲಿ, ದಶಮಾಂಶವನ್ನು ಕಾಲು ಭಾಗ ತಗ್ಗಿಸಿ ವಸೂಲಿಯನ್ನು ಜಮೀನ್ದಾರರಿಗೆ ವರ್ಗಾಯಿಸಿದರು. ಗೇಣಿಯ ಒಳಗೆ ಅದು ಸೇರಿಹೋಯಿತು. ಪಾದ್ರಿ ಬಾಗಿಲಿಗೆ ಬರುವುದು ತಪ್ಪಿತು, ಕೊಡುವುದು ತಪ್ಪಲಿಲ್ಲ.

ಅಷ್ಟರಲ್ಲಿ ಲಂಡನ್ ಸರ್ಕಾರ ಚರ್ಚಿನ ಗಾತ್ರವನ್ನೂ ಇಳಿಸಲು ಹೊರಟಿತ್ತು. 1833ರ ಕಾನೂನಿನ ಪ್ರಕಾರ 22 ಬಿಷಪ್ ಪೀಠಗಳು 12 ಆಗಬೇಕು. ಕ್ಯಾಶೆಲ್ ಮತ್ತು ಟೂಅಮ್‌ನ ಆರ್ಚ್‌ಬಿಷಪ್ ಪಟ್ಟ ಹೋಗಬೇಕು. ಇದಕ್ಕೆ ಇಂಗ್ಲೆಂಡಿನಲ್ಲಿ ಎಷ್ಟು ವಿರೋಧ ಬಂತೆಂದರೆ, ಆಕ್ಸ್‌ಫರ್ಡ್‌ನಲ್ಲಿ ಜಾನ್ ಕೀಬಲ್ ಇದರ ವಿರುದ್ಧ ಮಾಡಿದ ಉಪದೇಶದಿಂದ ಒಂದು ದೊಡ್ಡ ಧಾರ್ಮಿಕ ಚಳವಳಿಯೇ ಶುರುವಾಯಿತು. ಬಿಷಪ್‌ಗಳು ಕಡಿಮೆಯಾದರೂ ಅವರ ಕೆಳಗಿನ ಹಳೇ ಡಯಾಸಿಸ್‌ಗಳ ಹೆಸರಿನ ಆರ್ಚ್‌ಡೀಕನ್‌ಗಳು ಉಳಿದರು. ಗ್ಲೆಂಡಲಾಕ್‌ನಲ್ಲಿ ಆದದ್ದೇ ಬೇರೆ ಕಡೆಯೂ ಆಯಿತು.

ಇಲ್ಲಿ ನಮ್ಮ ಕಡೆಗೆ ಒಂದು ಸಣ್ಣ ದಾರಿ ಇದೆ. 1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಿಸಿದಾಗ ಇಡೀ ಭಾರತಕ್ಕೆ ಒಬ್ಬರೇ ಆಂಗ್ಲಿಕನ್ ಬಿಷಪ್, ಮೂವರು ಆರ್ಚ್‌ಡೀಕನ್ ಎಂದು ಮಾಡಿದರು. ಬಿಷಪ್ ಕಲ್ಕತ್ತೆಯಲ್ಲಿ. ಆರ್ಚ್‌ಡೀಕನ್‌ಗಳು ಕಲ್ಕತ್ತೆ, ಮದ್ರಾಸ್, ಬಾಂಬೆಯಲ್ಲಿ. ಬೆಂಗಳೂರು ದಂಡಿನ ಚರ್ಚಿನವರು ಮದ್ರಾಸಿನ ಆರ್ಚ್‌ಡೀಕನ್ ಕೆಳಗೆ ಬರುತ್ತಿದ್ದರು. ಎಂಟೂವರೆ ಲಕ್ಷ ಭಕ್ತರಿದ್ದ ಐರ್ಲೆಂಡಿಗೆ 22 ಬಿಷಪ್‌ಗಳಿದ್ದ ಕಾಲದಲ್ಲೇ ಇದೂ ನಡೆದದ್ದು. ಹೋಲಿಸಿ ನೋಡಿದರೆ ಐರ್ಲೆಂಡಿನ ಚರ್ಚು ತನ್ನ ಜನಕ್ಕಿಂತ ಎಷ್ಟು ದೊಡ್ಡ ಅಂಗಿ ತೊಟ್ಟಿತ್ತು ಅನ್ನುವುದು ಗೊತ್ತಾಗುತ್ತದೆ.

ಈಗ ಮೀತ್‌ಗೆ ಬರೋಣ. ನಾನು ಈ ವಿಷಯ ಆರಿಸಿಕೊಂಡದ್ದೇ ಈ ವ್ಯಕ್ತಿಗಾಗಿ. ಎಡ್ವರ್ಡ್ ಆಡರ್ಲಿ ಸ್ಟಾಪ್‌ಫರ್ಡ್, ಕೆಲ್ಸ್‌ನ ರೆಕ್ಟರ್, ಅಂದರೆ ಅಲ್ಲಿನ ಪ್ಯಾರಿಷ್‌ನ ಮುಖ್ಯ ಪಾದ್ರಿ, ಜೊತೆಗೆ ಮೀತ್‌ನ ಆರ್ಚ್‌ಡೀಕನ್. ಅವರ ತಂದೆ ಅದೇ ಮೀತ್‌ನ ಬಿಷಪ್ ಆಗಿದ್ದವರು. ಚರ್ಚಿನ ಒಳಗೇ ಹುಟ್ಟಿ ಬೆಳೆದವರು. ಐರಿಷ್ ಚರ್ಚಿನ ಕಾನೂನು ಅವರಿಗೆ ಬಾಯಿಪಾಠ. ಆ ಬಗ್ಗೆ ಪಾದ್ರಿಗಳಿಗಾಗಿ ಕೈಪಿಡಿಯನ್ನೇ ಬರೆದಿದ್ದರು. 1859ರಲ್ಲಿ ಉತ್ತರದಲ್ಲಿ ದೊಡ್ಡ ಧಾರ್ಮಿಕ ಉತ್ಸಾಹ ಎದ್ದು, ಪ್ರಾರ್ಥನೆಯ ನಡುವೆ ಜನ ನೆಲಕ್ಕೆ ಬಿದ್ದು ಹೊರಳಾಡತೊಡಗಿದರು. ಎಲ್ಲರೂ ಅದನ್ನು ಪವಾಡ ಅನ್ನುತ್ತಿದ್ದಾಗ ಸ್ಟಾಪ್‌ಫರ್ಡ್ ಬೆಲ್‌ಫಾಸ್ಟ್‌ಗೆ ಹೋಗಿ ಕಣ್ಣಾರೆ ನೋಡಿದರು. ಇದರಲ್ಲಿ ಒಂದು ಪಾಲು ಕಾಯಿಲೆ, ಅದನ್ನು ದೇವರ ಕೆಲಸದ ಜೊತೆ ಬೆರೆಸಬೇಡಿ ಎಂದು ಬರೆದರು. ಹೋಗಿ ನೋಡಿ, ನೋಡಿದ್ದನ್ನು ಹೇಳುವ ಸ್ವಭಾವ.

1868ರ ಕೊನೆಗೆ ಗ್ಲ್ಯಾಡ್‌ಸ್ಟನ್ ಬ್ರಿಟನ್ನಿನ ಪ್ರಧಾನಿಯಾದರು. ಐರಿಷ್ ಚರ್ಚಿಗೂ ಸರ್ಕಾರಕ್ಕೂ ಇರುವ ಸಂಬಂಧ ಕಡಿದುಹಾಕುತ್ತೇನೆ ಎಂದು ಹೇಳಿಯೇ ಚುನಾವಣೆ ಗೆದ್ದಿದ್ದರು. 1861ರ ಜನಗಣತಿಯಲ್ಲಿ ಸರ್ಕಾರಿ ಚರ್ಚಿನವರು ನೂರಕ್ಕೆ 12 ಮಾತ್ರ. ತತ್ವ ಸರಿ, ಆದರೆ ಕಾನೂನು ಬರೆಯುವುದು ಹೇಗೆ? ಒಬ್ಬೊಬ್ಬ ಪಾದ್ರಿಗೆ ಬರುವ ವರಮಾನ ಎಷ್ಟು, ಮನೆ ಯಾರದು, ಸಾಲ ಯಾರದು, ಕಿರಿಯ ಪಾದ್ರಿಯ ಗತಿ ಏನು? ಇದು ಲಂಡನ್ನಿನಲ್ಲಿ ಕೂತವರಿಗೆ ತಿಳಿಯುವುದಲ್ಲ. ಚರ್ಚಿನ ದೊಡ್ಡವರೆಲ್ಲ ವಿರೋಧದಲ್ಲೇ ಇದ್ದರು. ಆಗ ಸ್ಟಾಪ್‌ಫರ್ಡ್ ಗ್ಲ್ಯಾಡ್‌ಸ್ಟನ್‌ರ ಜೊತೆ ಕೂತು ಕೆಲಸ ಮಾಡಲು ಮುಂದೆ ಬಂದರು. 1869ರ ಹೊಸ ವರ್ಷದ ಹೊತ್ತಿಗೆ ವೇಲ್ಸ್‌ನಲ್ಲಿದ್ದ ಪ್ರಧಾನಿಯ ಮನೆಗೇ ಹೋದರು. ಮಸೂದೆಯ ವಿವರಗಳಲ್ಲಿ ಅವರ ತಿಳುವಳಿಕೆ ಸೇರಿಕೊಂಡಿತು.

ಅವರ ಜೊತೆಯ ಎಷ್ಟೋ ಪಾದ್ರಿಗಳಿಗೆ ಇದು ದ್ರೋಹವಾಗಿ ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ಕಾನೂನು ಬಂದೇ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಲೆಕ್ಕ ಗೊತ್ತಿದ್ದವರು ಒಬ್ಬರಾದರೂ ಒಳಗೆ ಇಲ್ಲದಿದ್ದರೆ ಹಳ್ಳಿಯ ಬಡ ಪಾದ್ರಿಗಳು ಬೀದಿಗೆ ಬೀಳುತ್ತಿದ್ದರು. ಕಾನೂನಿನಲ್ಲಿ ಏನಾಯಿತು ನೋಡಿ. ಸುಮಾರು 1.6 ಕೋಟಿ ಪೌಂಡ್ ಬೆಲೆಯ ಆಸ್ತಿ ಚರ್ಚಿನ ಕೈತಪ್ಪಿತು. ಆದರೆ ಕೆಲಸದಲ್ಲಿದ್ದ ಪ್ರತಿಯೊಬ್ಬ ಪಾದ್ರಿಗೂ, ಕಿರಿಯ ಪಾದ್ರಿಗಳಿಗೂ ಬದುಕಿರುವವರೆಗೆ ವರಮಾನ ಖಾತ್ರಿಯಾಯಿತು. ಬಳಕೆಯಲ್ಲಿದ್ದ ಚರ್ಚ್ ಕಟ್ಟಡಗಳು ಚರ್ಚಿಗೇ ಉಳಿದವು. ಬಿಷಪ್‌ಗಳು ಹೌಸ್ ಆಫ್ ಲಾರ್ಡ್ಸ್‌ನ ಕುರ್ಚಿ ಬಿಟ್ಟರು. 1871ರ ಜನವರಿ 1ರಿಂದ ಚರ್ಚ್ ಆಫ್ ಐರ್ಲೆಂಡ್ ತನ್ನ ಕಾಲ ಮೇಲೆ ನಿಲ್ಲಬೇಕಾಯಿತು. ಅದರ ಆಡಳಿತ ನಡೆಸುವ ಸಾಮಾನ್ಯ ಸಭೆಯಲ್ಲಿ ಪಾದ್ರಿಗಳಿಗಿಂತ ಸಾಮಾನ್ಯ ಭಕ್ತರೇ ಹೆಚ್ಚು. ಪಾದ್ರಿಗಳ ಎರಡರಷ್ಟು ಜನ ಹೊರಗಿನವರು!

ಸ್ಟಾಪ್‌ಫರ್ಡ್ 1874ರಲ್ಲಿ ತೀರಿಕೊಂಡರು. ಅವರ ಮಗಳು ಆಲಿಸ್ 1847ರಲ್ಲಿ ಕೆಲ್ಸ್‌ನಲ್ಲಿ ಹುಟ್ಟಿದವರು. ತಂದೆ ಹೋದ ಮೇಲೆ ಲಂಡನ್ನಿಗೆ ಹೋಗಿ ಇತಿಹಾಸಕಾರ ಜಾನ್ ರಿಚರ್ಡ್ ಗ್ರೀನ್ ಅವರನ್ನು ಮದುವೆಯಾದರು. ಮುಂದೆ ತಾವೇ ಇತಿಹಾಸಕಾರ್ತಿಯಾದರು. ಇಂಗ್ಲಿಷರು ಬರುವ ಮೊದಲು ಐರ್ಲೆಂಡಿನಲ್ಲಿ ಒಂದು ಸಮೃದ್ಧ ನಾಗರಿಕತೆ ಇತ್ತು ಎಂದು ಬಿಡದೆ ವಾದಿಸಿದರು. 1914ರಲ್ಲಿ ಹೌತ್ ಬಂದರಿಗೆ ಐರಿಷ್ ಸ್ವಯಂಸೇವಕರು ಅನ್ನುವ ರಾಷ್ಟ್ರೀಯವಾದಿ ದಳಕ್ಕಾಗಿ ಬಂದೂಕು ತಂದಾಗ ಅದಕ್ಕೆ ಹಣ ಹೊಂದಿಸಿದವರಲ್ಲಿ ಅವರೂ ಒಬ್ಬರು. 1922ರಲ್ಲಿ ಸ್ವತಂತ್ರ ಐರಿಷ್ ರಾಜ್ಯದ ಮೊದಲ ಸೆನೆಟ್ ಸೇರಿದ ನಾಲ್ವರು ಹೆಂಗಸರಲ್ಲಿ ಒಬ್ಬರಾದರು. ಸರ್ಕಾರಿ ಚರ್ಚಿನ ಆರ್ಚ್‌ಡೀಕನ್‌ರ ಮನೆಯಿಂದ ಇಂಥ ಮಗಳು ಬಂದದ್ದು ನನಗೆ ಅಚ್ಚರಿ ಅನ್ನಿಸುವುದಿಲ್ಲ. ಆ ಮನೆಯಲ್ಲಿ ಸತ್ಯ ನೋಡುವ ಅಭ್ಯಾಸ ಇತ್ತು.

ಇನ್ನೊಬ್ಬರ ಹೆಸರು ಹೇಳಬೇಕು. ಕ್ಯಾಶೆಲ್‌ನ ಆರ್ಚ್‌ಡೀಕನ್ ಹೆನ್ರಿ ಕಾಟನ್. ಮೊದಲು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದವರು. ಕ್ಯಾಶೆಲ್‌ನ ಕೊನೆಯ ಆರ್ಚ್‌ಬಿಷಪ್ ರಿಚರ್ಡ್ ಲಾರೆನ್ಸ್ ಇವರ ಮಾವ. 1838ರಲ್ಲಿ ಲಾರೆನ್ಸ್ ತೀರಿಕೊಂಡಾಗ ಆ ಪೀಠವೇ ಇಳಿಯಿತು. ಒಂದು ಹಳೇ ವ್ಯವಸ್ಥೆ ಕಣ್ಣೆದುರೇ ಮುಗಿಯುವುದನ್ನು ನೋಡಿದ ಕಾಟನ್, ಐರ್ಲೆಂಡಿನ ಪ್ರತಿ ಡಯಾಸಿಸ್‌ನ ಬಿಷಪ್, ಡೀನ್, ಆರ್ಚ್‌ಡೀಕನ್‌ಗಳ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಮಾಡಲು ಕೂತರು. 1845ರಿಂದ ಸಂಪುಟಗಳು ಬರತೊಡಗಿದವು. ಓದಲು ಒಣ ಪುಸ್ತಕ. ಆದರೆ 1922ರ ಜೂನ್ 30ರಂದು ಅಂತರ್ಯುದ್ಧದ ಮೊದಲ ದಿನಗಳಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟದಲ್ಲಿ ಸುಟ್ಟುಹೋಯಿತು. ಚರ್ಚ್ ಆಫ್ ಐರ್ಲೆಂಡ್‌ನ ಸಾವಿರಕ್ಕೂ ಹೆಚ್ಚು ಪ್ಯಾರಿಷ್‌ಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ರಿಜಿಸ್ಟರ್‌ಗಳು ಅಲ್ಲಿದ್ದವು. ಎಷ್ಟೋ ಹಳೇ ಚರ್ಚ್ ಕಾಗದಪತ್ರಗಳೂ ಬೂದಿಯಾದವು. ಅವು ಉರಿದುಹೋಗುವ ಮೊದಲೇ ಪಟ್ಟಿ ಮಾಡಿಟ್ಟವರು ಕಾಟನ್. ಹೀಗಾಗಿ ಅವರ ಕೆಲಸ ನಮಗೆ ಇಷ್ಟು ಬೇಕಾಗುತ್ತದೆ.

ಈಗಿನ ಆರ್ಚ್‌ಡೀಕನ್‌ಗಳ ಬಗ್ಗೆ ಕೇಳುತ್ತೀರಿ, ಗೊತ್ತು. ಐರ್ಲೆಂಡಿನಲ್ಲಿ ಅವರನ್ನು ಬಿಷಪ್ ನೇಮಿಸುತ್ತಾರೆ. ಸಾಮಾನ್ಯವಾಗಿ ಅವರು ಒಂದು ಪ್ಯಾರಿಷ್‌ನ ರೆಕ್ಟರ್ ಆಗಿದ್ದುಕೊಂಡೇ ಈ ಕೆಲಸ ಮಾಡುತ್ತಾರೆ. ಹೊಸ ಪಾದ್ರಿಗಳನ್ನು ಬಿಷಪ್ ಮುಂದೆ ನಿಲ್ಲಿಸುವುದು, ಹೊಸ ರೆಕ್ಟರ್ ಬಂದಾಗ ಕಾಗದಪತ್ರ ನೋಡುವುದು, ಬಿಷಪ್ ಇಲ್ಲದಾಗ ಆಡಳಿತ ಸಾಗಿಸುವುದು ಅವರ ಪಾಲಿನ ಕೆಲಸ. 1990ರಿಂದ ಹೆಂಗಸರಿಗೂ ಅಲ್ಲಿ ಪಾದ್ರಿಯಾಗುವ ಅವಕಾಶ ಬಂತು. ಡಯಾಸಿಸ್‌ಗಳನ್ನು ಸೇರಿಸುವುದು ಇನ್ನೂ ನಿಂತಿಲ್ಲ. 2022ರಲ್ಲಿ ಪಶ್ಚಿಮದ ಟೂಅಮ್, ಲಿಮರಿಕ್ ಭಾಗಗಳು ಒಂದಾಗಿ ಒಬ್ಬರೇ ಬಿಷಪ್ ಬಂದರು. ಅಷ್ಟು ದೊಡ್ಡ ಪ್ರದೇಶಕ್ಕೆ ಒಬ್ಬರೇ ಬಿಷಪ್ ಅಂದರೆ ಎಲ್ಲ ಊರಿಗೂ ಅವರೇ ಹೋಗಲಾಗುವುದಿಲ್ಲ. ಅಲ್ಲಿ ಆರ್ಚ್‌ಡೀಕನ್‌ರ ಕೆಲಸ ಮೊದಲಿಗಿಂತ ಜಾಸ್ತಿಯೇ ಆಗಿದೆ.